ಹಡಗೂ ಅದರ ಬಿಡಿಭಾಗವೂ

ನೌಕಾಬಲವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಫಿರಂಗಿ ಹೊತ್ತ ಯುದ್ಧನೌಕೆ. ಅದಕ್ಕೆ ನಡುಗಡಲಿನಲ್ಲಿ ಎಣ್ಣೆ, ನೀರು, ಆಹಾರ, ಮದ್ದುಗುಂಡುಗಳನ್ನು ಒದಗಿಸುವ ಸರಬರಾಜು ಹಡಗನ್ನು ನೆನೆಯುವವರು ವಿರಳ. ಆ ಹಡಗಿನ ಪಂಪಿಗೆ ಬೇಕಾದ ಬೇರಿಂಗನ್ನೋ ವಾಷರನ್ನೋ ನೆನೆಯುವವರಂತೂ ಇಲ್ಲವೆಂದೇ ಹೇಳಬೇಕು. ಆದರೆ ಒಂದು ರಾಷ್ಟ್ರದ ಸ್ವಾವಲಂಬನೆಯನ್ನು ಅಳೆಯಲು ಹಡಗಿನ ಗಾತ್ರಕ್ಕಿಂತ ಈ ಬಿಡಿಭಾಗವೇ ಸರಿಯಾದ ಅಳತೆಗೋಲೆಂದು ನನ್ನ ನಂಬಿಕೆ.

ಮಲೆನಾಡಿನ ಬಣಕಲ್ಲಿನವನಿಗೆ ಸಮುದ್ರದ ಮಾತೇಕೆಂದು ವಾಚಕರು ಕೇಳಬಹುದು. ಉತ್ತರ ನಮ್ಮ ತೋಟಗಳಲ್ಲಿಯೇ ಇದೆ. ಕೊಯ್ದ ಕಾಫಿ ಹಣ್ಣನ್ನು ಅದೇ ದಿನ ಪಲ್ಪರಿಗೆ ಹಾಕದಿದ್ದರೆ ಹುಳಿತು ರುಚಿ ಕೆಡುತ್ತದೆ. ಬೆಲ್ಟೊಂದು ಕಡಿದರೂ ಸಾಕು, ಅಂದಿನ ಕೊಯ್ಲೆಲ್ಲ ಅಪಾಯಕ್ಕೆ ಸಿಕ್ಕಿತು! 2019ರ ಆಗಸ್ಟಿನ ಮಳೆಗೆ ಚಾರ್ಮಾಡಿ ಘಾಟಿ ಕುಸಿದು ಮಂಗಳೂರಿನ ದಾರಿ ಮುಚ್ಚಿದ್ದನ್ನು ಕಂಡ ನಮಗೆ, ಬೇಕಾದ ವಸ್ತುವನ್ನು ಮುಂಚಿತವಾಗಿ ಕೂಡಿಡುವುದರ ಬೆಲೆ ಗೊತ್ತು. ಕಡಲಿಗಿಳಿದ ಹಡಗಿಗಾದರೋ ಪ್ರತಿದಿನವೂ ಘಾಟಿ ಮುಚ್ಚಿದಂತೆಯೇ.

ನಮ್ಮ ನೌಕಾಪಡೆ ಈ ಪಾಠವನ್ನು ಕಷ್ಟದಿಂದ ಕಲಿತಿದೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅಲ್ಲಿಂದ ಕೊಂಡ ಹಡಗುಗಳಿಗೆ ಬಿಡಿಭಾಗ ದೊರೆಯುವುದು ದುಸ್ತರವಾಯಿತು. ಹಲವು ನೌಕೆಗಳ ಗ್ಯಾಸ್ ಟರ್ಬೈನುಗಳನ್ನು ತಯಾರಿಸುತ್ತಿದ್ದ ಕಾರ್ಖಾನೆ ಉಕ್ರೇನಿನ ಪಾಲಾಗಿತ್ತು. ಕಾರವಾರವನ್ನು ನೆಲೆಯಾಗಿಸಿಕೊಂಡ ವಿಮಾನವಾಹಕ ನೌಕೆ ‘ವಿಕ್ರಮಾದಿತ್ಯ’ದ ಕಥೆಯೂ ಇಂಥದೇ. 2012ರ ಸಮುದ್ರ ಪರೀಕ್ಷೆಯಲ್ಲಿ ಅದರ ಬಾಯ್ಲರುಗಳ ಇಟ್ಟಿಗೆಗಳು ಶಾಖ ತಾಳದೆ ಹೋದುದರಿಂದ, ನಮ್ಮ ಕೈಸೇರಲು 2013ರ ನವೆಂಬರ್ ಬರಬೇಕಾಯಿತು. ಇಟ್ಟಿಗೆ ಸೋತಲ್ಲಿ ಹಡಗೂ ಸೋತಿತು. 2011ರಲ್ಲಿ ಸೇವೆಗೆ ಸೇರಿದ ಸರಬರಾಜು ಹಡಗುಗಳಾದ ‘ದೀಪಕ್’, ‘ಶಕ್ತಿ’ಗಳು ಹುಟ್ಟಿದ್ದು ಇಟಲಿಯಲ್ಲಿ. ಅಂಥ ಐದು ಹಡಗುಗಳನ್ನು ಈಗ ವಿಶಾಖಪಟ್ಟಣದ ಹಿಂದೂಸ್ತಾನ್ ಶಿಪ್‌ಯಾರ್ಡಿನಲ್ಲಿಯೇ ಕಟ್ಟಲು 2023ರ ಆಗಸ್ಟಿನಲ್ಲಿ ಒಪ್ಪಂದವಾಗಿರುವುದು ಸಂತೋಷದ ಸಂಗತಿ. ಆದರೆ ಒಡಲು ನಮ್ಮದಾಗಿ, ಒಳಗಿನ ಬೇರಿಂಗು ಪರರದಾದರೆ ಸಂತೋಷ ಅರ್ಧವೇ.

ಎಲ್ಲವನ್ನೂ ಇಲ್ಲಿಯೇ ಮಾಡುವುದಕ್ಕಿಂತ ಹೊರಗಿನಿಂದ ಕೊಳ್ಳುವುದು ಅಗ್ಗವೆಂದು ಕೆಲವರು ವಾದಿಸುತ್ತಾರೆ. ಕೊಳ್ಳುವ ದಿನದ ಲೆಕ್ಕಕ್ಕೆ ಅದು ನಿಜವಿರಬಹುದು. ಆದರೆ ಹಡಗು ಇಪ್ಪತ್ತೈದು, ಮೂವತ್ತು ವರ್ಷ ಬಾಳುವ ವಸ್ತು. ಅಷ್ಟರಲ್ಲಿ ಮಾರಿದ ಕಂಪನಿ ಮುಚ್ಚಬಹುದು, ರಾಜ್ಯವೇ ಅಳಿಯಬಹುದು. ಆಗ ಕೇಳಿದ ಬೆಲೆ ಕೊಡದೆ ಗತಿಯಿಲ್ಲ.

ಇನ್ನೊಂದು ನ್ಯಾಯದ ಮಾತೂ ಇದೆ. 2005ರಲ್ಲಿ ಕಾರ್ಯಾರಂಭವಾದ ಕಾರವಾರದ ‘ಕದಂಬ’ ನೌಕಾನೆಲೆಗಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ನೆಲಬಿಟ್ಟು ಎದ್ದವು. 10,000 ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತಬಲ್ಲ ಶಿಪ್‌ಲಿಫ್ಟ್ ಅಲ್ಲಿದೆ; ದುರಸ್ತಿಯ ಯಾರ್ಡೂ ಇದೆ. ಆ ಕುಟುಂಬಗಳ ಮಕ್ಕಳ ಕೈಗೆ ಲೇತ್ ಯಂತ್ರ ಬಂದು, ಬಿಡಿಭಾಗಗಳು ಉತ್ತರ ಕನ್ನಡದ ಊರುಗಳಲ್ಲಿಯೇ ತಯಾರಾದರೆ, ಅವರ ತ್ಯಾಗಕ್ಕೆ ಕೊಂಚವಾದರೂ ಸಲ್ಲಬೇಕಾದದ್ದು ಸಂದಂತಾಗುತ್ತದೆ.

ಇದಕ್ಕೆ ಅಡ್ಡಿಯಾಗಿರುವುದು ಹಣವೊಂದೇ ಅಲ್ಲ, ನಮ್ಮ ಮನೋಭಾವವೂ ಹೌದು. ಮನೆಯಲ್ಲಿ ಮೊದಲ ಪದವೀಧರರಾಗುವ ನನ್ನಂಥವರಿಗೆ, ಕೈಗೆ ಗ್ರೀಸ್ ಮೆತ್ತದ ಕೆಲಸ ಹಿಡಿಯುವುದೇ ವಿದ್ಯೆಯ ಫಲವೆಂದು ಹಿರಿಯರು ಹರಸುತ್ತಾರೆ. ಮಣ್ಣಿನಲ್ಲಿ ದುಡಿದು ಸವೆದವರ ಹರಕೆಯದು, ಅದನ್ನು ಹಳಿಯಲಾರೆ. ಆದರೆ ಐ.ಟಿ.ಐ. ಓದಿದ ಗೆಳೆಯನನ್ನು ನಾವು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸುವುದು ಯಾವ ನ್ಯಾಯ? ಕಲಾ ಪದವೀಧರರಿಗೂ ಇಲ್ಲಿ ಕೆಲಸವುಂಟು. ಯಾವ ಭಾಗ ಎಲ್ಲಿದೆ, ಎಷ್ಟಿದೆ, ಎಂದು ಮುಗಿಯುತ್ತದೆ ಎಂದು ತಪ್ಪಿಲ್ಲದೆ ಬರೆದಿಡುವ ಉಗ್ರಾಣದ ಲೆಕ್ಕವಿಲ್ಲದೆ ಯಾವ ನೌಕಾಪಡೆಯೂ ಕಡಲಿಗಿಳಿಯಲಾರದು.

ಸಹಪಾಠಿ ಮಿತ್ರರೇ, ಈ ವರ್ಷ ಪದವಿ ಪಡೆದು ಹೊರಟಾಗ ಅಂಥ ಕೆಲಸ ಸಿಕ್ಕಿದರೆ ಸಣ್ಣದೆಂದು ಬಿಡಬೇಡಿ.