ಮಸೂರಕ್ಕೆ ಮಂಗಳಾರತಿ, ಶಟರಿಗೆ ಮರೆವು

ಹಳೆಯ ಫಿಲಂ ಕ್ಯಾಮೆರಾಗಳ ಮೇಲೆ ಇಂದಿನ ತರುಣರಿಗೆ ಹುಟ್ಟಿರುವ ಒಲವು ನನಗೆ ಸಂತೋಷವನ್ನೇ ತಂದಿದೆ. ಆದರೆ ಅವರ ಚರ್ಚೆಯನ್ನು ಕೇಳಿದಾಗಲೆಲ್ಲ ಒಂದು ಆಕ್ಷೇಪವೂ ಏಳುತ್ತದೆ. ಒಲಿಂಪಸ್ ಟ್ರಿಪ್ 35ರ ಝುಯ್ಕೊ ಮಸೂರ ಮೇಲೋ, ಕೋನಿಕಾ ಸಿ35ರ ಹೆಕ್ಸಾನನ್ ಮೇಲೋ ಎಂಬಲ್ಲಿಗೇ ಅವರ ವಾದ ನಿಂತುಬಿಡುತ್ತದೆ. ಶಟರಿನ ಮಾತನ್ನು ಯಾರೂ ಎತ್ತುವುದಿಲ್ಲ. ಇದು ಎತ್ತಿನ ಕೊಂಬನ್ನು ಮೆಚ್ಚಿ, ಕಾಲನ್ನು ನೋಡದೆ ವ್ಯಾಪಾರ ಮುಗಿಸಿದಂತೆ.

ಟ್ರಿಪ್ ಬಂದದ್ದು 1967ರಲ್ಲಿ, ಸಿ35 ಬಂದದ್ದು 1968ರಲ್ಲಿ. ಒಂದರ ಮಸೂರ 40 ಮಿ.ಮೀ., ಇನ್ನೊಂದರದು 38. ಎರಡರಲ್ಲೂ ಮೂರು ಗುಂಪುಗಳಾಗಿ ಜೋಡಿಸಿದ ನಾಲ್ಕು ಗಾಜುಗಳಿವೆ. ಎರಡರ ಅಪರ್ಚರೂ ಎಫ್ 2.8ರವರೆಗೆ ತೆರೆಯುತ್ತದೆ. ಇಂಥ ದಾಯಾದಿಗಳ ನಡುವಿನ ನಿಜವಾದ ಭೇದವಿರುವುದು ಶಟರಿನಲ್ಲಿ. ಟ್ರಿಪ್‌ಗೆ ಎರಡೇ ವೇಗ: ಸೆಕೆಂಡಿನ 40ನೆಯ ಒಂದು ಭಾಗ, ಇಲ್ಲವೇ 200ನೆಯ ಒಂದು ಭಾಗ. ಸಿ35 ಬೆಳಕಿಗೆ ತಕ್ಕಂತೆ 30ರಿಂದ 650ರವರೆಗೆ ತಾನೇ ಏರಿಳಿಯುತ್ತದೆ.

ನಮ್ಮ ಚಿಕ್ಕಬಳ್ಳಾಪುರದ ಸ್ಕಂದಗಿರಿಯ ನೆತ್ತಿಗೆ ಇವೆರಡನ್ನೂ ಒಯ್ಯಿರಿ. 400 ವೇಗದ ಫಿಲಂ, ಬಂಡೆಯ ಮೇಲೆ ಪೂರ್ಣ ಬಿಸಿಲು. ಟ್ರಿಪ್ 200ನ್ನು ದಾಟಲಾರದೆ ಅಪರ್ಚರನ್ನು ಎಫ್ 22ರಷ್ಟು ಕಿರಿದಾಗಿಸುತ್ತದೆ. ಅಷ್ಟು ಸಣ್ಣ ರಂಧ್ರದಲ್ಲಿ ಬೆಳಕು ವಿವರ್ತನೆಗೊಳಗಾಗಿ ಚಿತ್ರದ ಮೊನಚು ಕುಂದುತ್ತದೆ. ಸಿ35 ಮಾತ್ರ 650ರ ಬಲದಿಂದ ಎಫ್ 14ರಲ್ಲೇ ನಿಲ್ಲುತ್ತದೆ. ಚಿತ್ರಗಳನ್ನು ನೋಡಿದವರು "ಹೆಕ್ಸಾನನ್ ಗೆದ್ದಿತು" ಎನ್ನುತ್ತಾರೆ. ಗೆದ್ದದ್ದು ಶಟರ್ ಸ್ವಾಮಿ!

ನಾನೂ ಇದೇ ತಪ್ಪನ್ನು ಮಾಡಿದವನೇ. 1987ರಲ್ಲಿ ಹತ್ತನೆಯ ತರಗತಿಯ ಮಕ್ಕಳೊಡನೆ ಬೆಟ್ಟವನ್ನೇರಿದ್ದೆ. ಕೈಯಲ್ಲಿದ್ದುದು ಬಂಧುವೊಬ್ಬರು ದುಬೈಯಿಂದ ತಂದ ಟ್ರಿಪ್. ಸೂರ್ಯ ಇನ್ನೂ ಮೂಡಿರಲಿಲ್ಲ. ಗುಂಡಿಯನ್ನೊತ್ತಿದರೆ ಒಳಗೆ ಕೆಂಪು ಪಟ್ಟಿ ಎದ್ದು, ಶಟರ್ ತೆರೆಯಲು ಒಪ್ಪಲಿಲ್ಲ. ಬೆಳಕು ಸಾಲದೆಂದು ಅದು ಪ್ರಾಮಾಣಿಕವಾಗಿಯೇ ಹೇಳಿತ್ತು. ನಾನು ಬಳೆಯನ್ನು 'ಎ'ಯಿಂದ ಎಫ್ 2.8ಕ್ಕೆ ತಿರುಗಿಸಿ ಅದರ ಬಾಯಿ ಮುಚ್ಚಿಸಿದೆ. 40ನೆಯ ಒಂದು ಭಾಗದ ಆ ಕ್ಷಣದಲ್ಲಿ ಚಳಿಗೆ ನಡುಗುತ್ತಿದ್ದ ಕೈ ಅಲುಗಿತು. ಮುಖಗಳೆಲ್ಲ ಮಬ್ಬುಗತ್ತಲೆಯಲ್ಲಿ ಕಲಸಿಹೋದವು. ಅವರಲ್ಲೊಬ್ಬ ಹುಡುಗ ಇಂದಿಲ್ಲ. ನನ್ನ ಬಳಿ ಅವನದೆಂದು ಉಳಿದಿರುವುದು ಆ ಒಂದೇ ಚಿತ್ರ. ಎಷ್ಟೋ ವರ್ಷ ನಾನು ಮಸೂರವನ್ನೇ ದೂರಿದೆ.

ಹಾಗಾದರೆ ಮಸೂರಕ್ಕೆ ಬೆಲೆಯಿಲ್ಲವೇ? ಇದೆ. ಆದರೆ ಅದರ ಗುಣ ಫಿಲಮ್ಮನ್ನು ತಲುಪುವುದು ಶಟರಿನ ಬಾಗಿಲಿನಿಂದಲೇ. ಆದ್ದರಿಂದ ಕೊಳ್ಳುವ ಮುನ್ನ ಹಿಂಬದಿಯನ್ನು ತೆರೆದು, ಬೆಳಕಿಗೆ ಹಿಡಿದು, ಗುಂಡಿಯನ್ನೊತ್ತಿ ನೋಡಿ. ಎಣ್ಣೆ ಹತ್ತಿದ ಅಲಗುಗಳು ಅಂಟಿಕೊಂಡಿವೆಯೇ? ಸಿ35 ಆದರೆ, ಅದಕ್ಕೆ ಬೇಕಾದ 1.35 ವೋಲ್ಟಿನ ಪಾದರಸದ ಸೆಲ್ ಈಗ ಬರುವುದಿಲ್ಲ, 1.5 ವೋಲ್ಟಿನದನ್ನು ಹಾಗೆಯೇ ಹಾಕಿದರೆ ಬೆಳಕಿನ ಅಳತೆ ತಪ್ಪುತ್ತದೆ. ಇವನ್ನು ಪರೀಕ್ಷಿಸದೆ ಗಾಜಿನ ಹೆಸರಿಗೆ ಮರುಳಾಗಿ ಸಾವಿರಾರು ರೂಪಾಯಿ ಸುರಿಯುವುದು ರಸಿಕತೆಯಲ್ಲ, ಅವಿವೇಕ.