ಮರಿ ಯಾವ ನದಿಯ ತಾಯಿಯದು?

ಅಮೆರಿಕದ ಯಾವ ಊರಿನ ಕನ್ನಡ ಕಾರ್ಯಕ್ರಮಕ್ಕೆ ಹೋದರೂ ಕಾವೇರಿಯ ಹೆಸರು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಡಲ್ಲಾಸ್ ಸುತ್ತಮುತ್ತಲಿನ ನಾವೂ ಅದಕ್ಕೆ ಹೊರತಲ್ಲ, ಹ್ಯೂಸ್ಟನ್, ಆಸ್ಟಿನ್‌ನವರೂ ಅಲ್ಲ. ಮಕ್ಕಳ ನೃತ್ಯರೂಪಕದಲ್ಲಿ ಕಾವೇರಿ ತಲಕಾವೇರಿಯಿಂದ ಇಳಿದು ಬರುತ್ತಾಳೆ, ಊಟದ ಸಾಲಿನಲ್ಲಿ ನಿಂತ ದೊಡ್ಡವರು ಟಿಎಂಸಿ ಲೆಕ್ಕ ಹಾಕುತ್ತಾರೆ. ಆ ನೀರಿನೊಳಗೆ ಏನು ಬದುಕಿದೆ ಎಂಬ ಮಾತು ಮಾತ್ರ ಬರುವುದಿಲ್ಲ. ಜಗತ್ತಿನಲ್ಲಿ ಕಾವೇರಿ ಕೊಳ್ಳ ಬಿಟ್ಟರೆ ಇನ್ನೆಲ್ಲೂ ಇಲ್ಲದ ಮೀನೊಂದು ಅಲ್ಲಿದೆ. ಅದು ಈಗ ಹೋಗುವ ಹಂತದಲ್ಲಿದೆ.

ಡುಬ್ಬದ ಮಹಸೀರ್. ತಲೆಯ ಹಿಂದೆ ಎತ್ತರಿಸಿದ ಬೆನ್ನು, ಕಿತ್ತಳೆ ಬಣ್ಣದ ಬಾಲ, ಐವತ್ತು ಕಿಲೋ ದಾಟಬಲ್ಲ ಮೈ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು, ಹುಲಿ ಚಿರತೆಗಳ ಚರ್ಮವನ್ನು ಜೀವಂತವೆಂಬಂತೆ ನಿಲ್ಲಿಸುವುದರಲ್ಲಿ ಹೆಸರಾದ ಅದೇ ಮನೆತನ, ಕಬಿನಿಯಲ್ಲಿ ಗಾಳ ಹಾಕಿ ಎಳೆದ ಮೀನು 120 ಪೌಂಡ್ ತೂಗಿತು. ನಮ್ಮ ಲೆಕ್ಕದಲ್ಲಿ ಸುಮಾರು 54 ಕಿಲೋ. ಇಷ್ಟು ಪ್ರಸಿದ್ಧ ಮೀನಿಗೆ ಒಂದು ಖಚಿತ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ ಎಂದರೆ ನಂಬುವುದು ಕಷ್ಟ. ಕೇರಳದ ಪಾಂಬಾರ್ ಹೊಳೆಯಲ್ಲಿ ಮೊದಲೇ ಗುರುತಿಸಿ ಟಾರ್ ರೆಮದೇವಿಯೈ ಎಂದು ಕರೆದಿದ್ದ ಮೀನೂ ನಮ್ಮ ಕಾವೇರಿಯ ಡುಬ್ಬದ ಮೀನೂ ಒಂದೇ ಎಂದು ಆ ವರ್ಷ ಸಂಶೋಧಕರು ತೋರಿಸಿದರು. ಪಾಂಬಾರ್ ಅಮರಾವತಿಗೆ, ಅಮರಾವತಿ ಕಾವೇರಿಗೆ ಸೇರುವುದರಿಂದ ಮನೆ ಒಂದೇ. ಹೆಸರು ಸಿಕ್ಕ ವರ್ಷವೇ ಅದು ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯ ಅತಿ ಹೆಚ್ಚಿರುವ ಜೀವಿಗಳ ಸಾಲಿಗೂ ಸೇರಿತು. ನಾಮಕರಣದ ದಿನವೇ ಐಸಿಯುಗೆ ಸೇರಿಸಿದ ಹಾಗೆ.

ಹೀಗಾದದ್ದು ಹೇಗೆ? ಅಣೆಕಟ್ಟು, ಮರಳು ಗಣಿಗಾರಿಕೆ, ಹೊಳೆಗೆ ಸಿಡಿಮದ್ದು ಎಸೆಯುವುದು ಎಲ್ಲವೂ ಕಾರಣಗಳೇ. ಆದರೆ ಇನ್ನೊಂದು ಕಾರಣವೂ ಇದೆ. ಅದು ಒಳ್ಳೆಯ ಮನಸ್ಸಿನಿಂದ ಆದದ್ದು. ನಾವು ಬರೆಯಲು ಕುಳಿತದ್ದು ಅದಕ್ಕಾಗಿಯೇ.

ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯವರ ಜಲಾಶಯದ ಬದಿಯಲ್ಲಿ ಒಂದು ಮೀನುಮರಿ ಕೇಂದ್ರವಿದೆ. ಎಪ್ಪತ್ತರ ದಶಕದಲ್ಲಿ ಅಲ್ಲಿನ ತಜ್ಞರು ನೀಲಿ ರೆಕ್ಕೆಯ ಮಹಸೀರ್ ಮೀನಿನಿಂದ ಮೊಟ್ಟೆ ಇಳಿಸಿ, ಮರಿ ಮಾಡಿಸುವ ವಿಧಾನವನ್ನು ಸಾಧಿಸಿದರು. ಆ ಕಾಲಕ್ಕೆ ಅದು ನಿಜಕ್ಕೂ ದೊಡ್ಡ ಸಾಧನೆ. ದೇಶದಲ್ಲಿ ಮಹಸೀರ್ ಕಡಿಮೆಯಾಗುತ್ತಿದೆ ಎಂಬ ಕೂಗಿತ್ತು, ಇಲ್ಲಿ ಮರಿಗಳು ರಾಶಿ ರಾಶಿ ಸಿಗತೊಡಗಿದವು. ಕೇಳಿದವರಿಗೆಲ್ಲ ಕೊಟ್ಟರು. ಕಾವೇರಿಗೂ ಬಂದವು. ನೀಲಿ ರೆಕ್ಕೆಯದ್ದು ಪುಣೆಯ ಮುಳಾ-ಮುಠಾ ಹೊಳೆಯಿಂದ ಮೊದಲು ವರ್ಣಿತವಾದ ಮೀನು, ಕೃಷ್ಣಾ ಕೊಳ್ಳದ ಕಡೆಯದು. ಕಾವೇರಿಯ ಡುಬ್ಬದ ಮೀನು ಬೇರೆ ಜಾತಿ ಎಂಬುದನ್ನು ಆಗ ಯಾರೂ ವಿಂಗಡಿಸಿ ನೋಡಿರಲಿಲ್ಲ. ಮಹಸೀರ್ ಎಂದರೆ ಮಹಸೀರ್, ಅಷ್ಟೇ.

ಮುಂದೆ ಏನಾಯಿತೆಂಬುದಕ್ಕೆ ಸಾಕ್ಷಿ ಸಿಕ್ಕಿರುವುದು ಲೆಕ್ಕದ ಪುಸ್ತಕಗಳಲ್ಲಿ. ಇದು ನಮ್ಮ ಕಸುಬಿಗೆ ಹತ್ತಿರದ ಸಂಗತಿ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿ ಶಿಬಿರಗಳಲ್ಲಿ ಹಿಡಿದ ಮೀನನ್ನು ತೂಗಿ ಮತ್ತೆ ಹೊಳೆಗೇ ಬಿಡುವ ಪದ್ಧತಿಯಿತ್ತು. ಯಾರು, ಎಷ್ಟು ಗಂಟೆ ಕೂತರು, ಎಷ್ಟು ಸಿಕ್ಕಿತು, ಎಷ್ಟು ತೂಕ ಎಂದು ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಅಂಥ ದಾಖಲೆಗಳನ್ನು ಸಂಶೋಧಕರು ಕೂಡಿಸಿ ನೋಡಿದರು. 23 ಸಾವಿರಕ್ಕೂ ಹೆಚ್ಚು ಗಂಟೆಗಳ ಗಾಳ, 6 ಸಾವಿರಕ್ಕೂ ಹೆಚ್ಚು ಮೀನು. ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷ ಕಳೆದಂತೆ ಏರಿದೆ. ಸರಾಸರಿ ತೂಕ ಇಳಿದಿದೆ.

ಮೊದಲ ಸಾಲನ್ನಷ್ಟೇ ಓದಿದವರು ಸಂಭ್ರಮಪಡುತ್ತಾರೆ: ಮೀನು ಹೆಚ್ಚಾಗಿದೆ, ಯೋಜನೆ ಗೆದ್ದಿದೆ. ಜಾತಿವಾರು ಬಿಡಿಸಿ ನೋಡಿದಾಗ ಕಂಡದ್ದು ಬೇರೆ. ಏರಿದ್ದು ನೀಲಿ ರೆಕ್ಕೆಯದು, ಕುಸಿದದ್ದು ಡುಬ್ಬದ್ದು. ಹಳೆಯ ಭಾರಿ ಮೀನುಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು, ಅವುಗಳ ಮರಿಗಳು ಕಾಣುವುದೇ ನಿಂತಿತ್ತು. ಸಹಕಾರ ಸಂಘದ ಅಢಾವೆ ಪತ್ರಿಕೆಯಲ್ಲಿ ದಾಸ್ತಾನಿನ ಒಟ್ಟು ಮೊತ್ತ ಸರಿಯಿದ್ದು, ಗೋದಾಮಿನ ಬಾಗಿಲು ತೆರೆದಾಗ ಭತ್ತದ ಮೂಟೆ ಇರಬೇಕಾದಲ್ಲಿ ಹೊಟ್ಟಿನ ಮೂಟೆ ಇದ್ದರೆ ಲೆಕ್ಕ ಪರಿಶೋಧಕ ಸಹಿ ಹಾಕುವುದಿಲ್ಲ. ಕಾವೇರಿಯಲ್ಲಿ ಮೂಟೆಗಳ ಎಣಿಕೆ ನಡೆಯಿತು, ಒಳಗೇನಿದೆ ಎಂದು ನೋಡಲು ತೀರಾ ತಡವಾಯಿತು. (ನೀಲಿ ರೆಕ್ಕೆಯದನ್ನು ಹೊಟ್ಟು ಎಂದದ್ದಕ್ಕೆ ಆ ಮೀನಿನ ಕ್ಷಮೆ ಕೇಳಬೇಕು. ಅದು ಅದರ ಊರಿನಲ್ಲಿ ಭತ್ತವೇ.)

ನಾವಿರುವ ಟೆಕ್ಸಾಸ್‌ನಲ್ಲಿ ಇದೇ ಕಥೆ ಇನ್ನೊಂದು ಮೀನಿನ ಹೆಸರಲ್ಲಿ ನಡೆದಿದೆ. ಇಲ್ಲಿನ ರಾಜ್ಯ ಮೀನು ಗ್ವಾಡಲೂಪ್ ಬಾಸ್. 1989ರಲ್ಲಿ ಆ ಪಟ್ಟ ಸಿಕ್ಕಿತು. ಆಸ್ಟಿನ್ ಸುತ್ತಲಿನ ಗುಡ್ಡನಾಡಿನ ತಣ್ಣೀರಿನ ಹೊಳೆಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬ್ಲಾಂಕೋ ಹೊಳೆಗೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಹೋಗುವ ಆಸ್ಟಿನ್ ಕನ್ನಡಿಗರು ಕಾಲು ಇಳಿಬಿಟ್ಟು ಕೂರುವುದು ಇದೇ ಮೀನಿನ ಮನೆಯಲ್ಲಿ. 1974ರಿಂದ ಇಲ್ಲಿನ ಮೀನು ಇಲಾಖೆ, ಗಾಳದ ಹವ್ಯಾಸಿಗಳಿಗೆ ಒಳ್ಳೆಯದಾಗಲಿ ಎಂದು, ಉತ್ತರದ ಸ್ಮಾಲ್‌ಮೌತ್ ಬಾಸ್ ಮರಿಗಳನ್ನು ಈ ಹೊಳೆಗಳಿಗೆ ಬಿಟ್ಟಿತು. ಎರಡೂ ಹತ್ತಿರದ ಸಂಬಂಧಿಗಳು, ಕೂಡಿ ಬೆರಕೆ ಮರಿ ಹಾಕಿದವು. ಬೆರಕೆಗೂ ಸಂತಾನವಾಗುತ್ತದೆ. ಕೆಲವೇ ದಶಕಗಳಲ್ಲಿ ಬ್ಲಾಂಕೋದಲ್ಲಿ ಅಪ್ಪಟ ಗ್ವಾಡಲೂಪ್ ಬಾಸ್ ಉಳಿಯಲಿಲ್ಲ.

ಇಲ್ಲಿಂದ ಮುಂದಿನ ನಡೆ ನಮಗೆ ಮೆಚ್ಚುಗೆಯಾದದ್ದು. ಇಲಾಖೆ 1992ರಿಂದ ಗ್ವಾಡಲೂಪ್ ನದಿಯ ಮೇಲ್ಭಾಗದ ಜಾನ್ಸನ್ ಕ್ರೀಕ್‌ನಲ್ಲಿ ಅಪ್ಪಟ ಮೀನಿನ ಮರಿಗಳನ್ನೇ ಬಿಡತೊಡಗಿತು. ಸಂತಾನಕ್ಕೆ ಇಟ್ಟುಕೊಳ್ಳುವ ತಾಯಿ ಮೀನು, ಗಂಡು ಮೀನುಗಳ ವಂಶವಾಹಿಯನ್ನು ಪರೀಕ್ಷಿಸಿ, ಬೆರಕೆ ಎಂದು ಕಂಡದ್ದನ್ನು ಹೊರಗಿಟ್ಟಿತು. ವರ್ಷ ಕಳೆದಂತೆ ಹೊಳೆಯಲ್ಲಿ ಬೆರಕೆಯ ಪಾಲು ಗಣನೀಯವಾಗಿ ಇಳಿಯಿತು. 2011ರಲ್ಲಿ ಭೀಕರ ಬರ ಬಂತು. ನಮ್ಮ ಫ್ಲವರ್ ಮೌಂಡ್‌ನಲ್ಲಿ ಹುಲ್ಲುಹಾಸು ಒಣಗಿ ಹುರಿಗಡಲೆ ಬಣ್ಣಕ್ಕೆ ತಿರುಗಿದ ವರ್ಷ ಅದು. ಬ್ಲಾಂಕೋದ ಮೇಲ್ಭಾಗ ಒಣಗಿ ಅಲ್ಲಲ್ಲಿ ಮಡುಗಳಷ್ಟೇ ಉಳಿದವು. ಇಲಾಖೆಯವರು ಆ ಮಡುಗಳಿಗಿಳಿದು ಸ್ಮಾಲ್‌ಮೌತ್ ಮತ್ತು ಬೆರಕೆ ಮೀನುಗಳನ್ನು ಹಿಡಿದು ತೆಗೆದರು. ಆಮೇಲೆ ಅಪ್ಪಟ ಮರಿಗಳನ್ನು ಬಿಟ್ಟರು. ಇಲ್ಲವೆಂದು ಕೈಬಿಟ್ಟಿದ್ದ ಹೊಳೆಗೆ ರಾಜ್ಯ ಮೀನು ಮರಳಿತು.

ಹಾಗಾದರೆ ಕಾವೇರಿಯ ಮೀನಿನಿಂದಲೇ ಮರಿ ಮಾಡಿಸಿ ಕಾವೇರಿಗೆ ಬಿಟ್ಟರಾಯಿತಲ್ಲ? ಅಷ್ಟು ಸರಳವಲ್ಲ. ವಾಯವ್ಯ ಅಮೆರಿಕದ ಹೊಳೆಗಳಲ್ಲಿ ಸ್ಟೀಲ್‌ಹೆಡ್ ಎಂಬ ಮೀನಿದೆ. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಹುಟ್ಟೂರಿನ ಹೊಳೆಗೇ ಮರಳುವ ಮೀನು. (ಅನಿವಾಸಿಗಳಾದ ನಮಗೆ ಅದರ ಮೇಲೆ ವಿಶೇಷ ಪ್ರೀತಿ ಇದ್ದರೆ ಆಶ್ಚರ್ಯವಿಲ್ಲ.) ಒರೆಗಾನ್‌ನ ಹುಡ್ ನದಿಯಲ್ಲಿ ಇದರ ವಂಶಾವಳಿಯನ್ನು ತಲೆಮಾರುಗಟ್ಟಲೆ ಹಿಂಬಾಲಿಸಿದರು. ಬೇರೆ ಕಡೆಯಿಂದ ತಂದು ಬಹುಕಾಲ ಕೇಂದ್ರದಲ್ಲೇ ಸಾಕಿದ ತಳಿ ಹೊಳೆಯಲ್ಲಿ ಹೆಚ್ಚು ಸಂತಾನ ಬೆಳೆಸಲಿಲ್ಲ. ಅದೇ ಹೊಳೆಯ ಕಾಡು ಮೀನುಗಳನ್ನು ತಂದು ಮಾಡಿಸಿದ ಮೊದಲ ತಲೆಮಾರಿನ ಮರಿಗಳು ಕಾಡು ಮೀನಿನ ಹತ್ತಿರಕ್ಕೆ ಬಂದವು. ಆದರೆ ಹಾಗೆ ಹುಟ್ಟಿದವನ್ನೇ ಮತ್ತೆ ಕೇಂದ್ರಕ್ಕೆ ತಂದು ಮರಿ ಮಾಡಿಸಿದಾಗ, ಸಾಕಿದ ಒಂದೊಂದು ತಲೆಮಾರಿಗೂ ಹೊಳೆಯಲ್ಲಿ ಸಂತಾನ ಬೆಳೆಸುವ ಶಕ್ತಿ ಸುಮಾರು ಶೇ 40ರಷ್ಟು ಇಳಿಯಿತೆಂದು 2007ರಲ್ಲಿ ಪ್ರಕಟಿಸಿದರು. ತೊಟ್ಟಿಯಲ್ಲಿ ಕೈಗೆ ಆಹಾರ ಸಿಗುವಾಗ ಗೆಲ್ಲುವ ಮೀನೇ ಬೇರೆ, ಮಳೆಗಾಲದ ಕೆಂಪು ನೀರಿನಲ್ಲಿ ಗೆಲ್ಲುವ ಮೀನೇ ಬೇರೆ.

ಆದ್ದರಿಂದ ಊರಿನ ತಾಯಿ ಮೀನು ಎಂದರೆ ಒಮ್ಮೆ ತಂದು ತೊಟ್ಟಿಯಲ್ಲಿ ಕೂಡಿಹಾಕಿದ ಮೀನಲ್ಲ. ಮತ್ತೆ ಮತ್ತೆ ಹೊಳೆಯಿಂದ ಬರಬೇಕು. ಹೊಳೆಯಲ್ಲಿ ಅಷ್ಟು ಮೀನು ಇರಬೇಕು. ಕಾವೇರಿಯ ಕಷ್ಟ ಇರುವುದೇ ಇಲ್ಲಿ. ಡುಬ್ಬದ ಮೀನು ಈಗ ನೆಚ್ಚಿಕೊಂಡಿರುವ ಕೆಲವೇ ಜಾಗಗಳಲ್ಲಿ ಮುಖ್ಯವಾದದ್ದು ಮೋಯಾರ್, ನಮ್ಮ ಬಂಡೀಪುರಕ್ಕೂ ತಮಿಳುನಾಡಿನ ಮುದುಮಲೈಗೂ ನಡುವಿನ ಕಮರಿಯಲ್ಲಿ ಹರಿಯುವ ಹೊಳೆ. ಅಲ್ಲಿಂದ ಹತ್ತು ತಾಯಿ ಮೀನು ಹಿಡಿದು ತಂದರೆ ಹತ್ತೇ ಕುಟುಂಬದಿಂದ ಇಡೀ ನದಿಗೆ ಸಂತಾನ ಕಟ್ಟಿದಂತೆ. ತರುವಾಗ ಸತ್ತರೆ ಇದ್ದ ಶಿಲ್ಕೂ ಹೋಯಿತು. ಲಕ್ಷ ಮರಿ ಬಿಟ್ಟೆವೆಂಬ ಸುದ್ದಿಯಲ್ಲಿ ಲಕ್ಷ ಎಷ್ಟು ಮುಖ್ಯವೋ, ಆ ಲಕ್ಷದ ಹಿಂದೆ ಎಷ್ಟು ತಾಯಂದಿರು ಎಂಬುದು ಅದಕ್ಕಿಂತ ಮುಖ್ಯ.

ಇದನ್ನು ಫ್ಲವರ್ ಮೌಂಡ್‌ನಲ್ಲಿ ಕುಳಿತು ಏಕೆ ಬರೆಯಬೇಕು ಎಂದು ಕೇಳಬಹುದು. ದುಡ್ಡಿನ ಕಾರಣಕ್ಕೆ. ಊರಿನ ನದಿಗೆ ಏನಾದರೂ ಮಾಡಬೇಕೆಂಬ ಆಸೆ ಅನಿವಾಸಿಗಳಲ್ಲಿ ಬಹಳ ಇದೆ. ಕೆರೆ ಹೂಳೆತ್ತಲು, ಸಸಿ ನೆಡಲು ಕೊಡುವ ಕೈಗಳೇ ನಾಳೆ ಮೀನುಮರಿ ಬಿಡಲೂ ಕೊಡುತ್ತವೆ. ಮೀನುಮರಿ ಬಿಡುವುದು ಫೋಟೊಕ್ಕೆ ಚೆಂದ: ದಡದಲ್ಲಿ ಗಣ್ಯರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಬೆಳ್ಳಿಯಂಥ ಮರಿಗಳು. ಸಸಿ ಒಣಗಿದರೆ ಕಣ್ಣಿಗೆ ಕಾಣುತ್ತದೆ. ತಪ್ಪು ಮೀನನ್ನು ಬಿಟ್ಟರೆ ಕಾಣುವುದಿಲ್ಲ, ಹಿಂದಕ್ಕೆ ಹಿಡಿಯಲೂ ಆಗುವುದಿಲ್ಲ. ಟೆಕ್ಸಾಸ್‌ಗೆ ಬರ ಬಂದು ಹೊಳೆ ಬತ್ತಿದ್ದರಿಂದ ಹಿಡಿಯಲು ಆಯಿತು. ಕಾವೇರಿ ಹಾಗೆ ಬತ್ತಲಿ ಎಂದು ಯಾವ ಕನ್ನಡಿಗ ಬಯಸಿಯಾನು?

ಆದ್ದರಿಂದ ಚೆಕ್ ಬರೆಯುವ ಮೊದಲು ನಮ್ಮ ಸಂಘಗಳು ಕೇಳಬೇಕಾದ್ದು ಎರಡೇ ಮಾತು. ಮರಿಯ ತಾಯಿ ಯಾವ ಹೊಳೆಯದು, ಅದಕ್ಕೆ ವಂಶವಾಹಿ ಪರೀಕ್ಷೆಯ ಕಾಗದ ಇದೆಯೇ? ಬಿಟ್ಟ ಐದು ವರ್ಷದ ಮೇಲೆ ಹೋಗಿ ಎಣಿಸುವವರು ಯಾರು, ಅದಕ್ಕೆ ಹಣ ಎತ್ತಿಟ್ಟಿದ್ದೀರಾ? ಎರಡಕ್ಕೂ ಉತ್ತರವಿಲ್ಲದಿದ್ದರೆ ಆ ಹಣ ಮೋಯಾರ್‌ನ ಸಮೀಕ್ಷೆಗೆ ಹೋಗಲಿ. ಹೊಳೆ ಕಾಯುವ ಕಾವಲುಗಾರರ ಸಂಬಳಕ್ಕೆ ಹೋಗಲಿ. ಹಿಂದೆ ಗಾಳ ಹಾಕುವವರಿಗೆ ದಾರಿ ತೋರಿಸಿ, ಮೀನಿನ ಮಡುಗಳನ್ನು ಅಂಗೈ ಗೆರೆಯಂತೆ ಬಲ್ಲ ನದಿ ದಡದ ಹಳ್ಳಿಗರು ಇದ್ದಾರೆ. ಸಿಡಿಮದ್ದಿನವರನ್ನು ದೂರವಿಟ್ಟದ್ದೂ ಅವರೇ. ಕಾವೇರಿ ವನ್ಯಧಾಮದೊಳಗೆ ಗಾಳ ನಿಷೇಧವಾದ ಮೇಲೆ ಅವರ ಕೆಲಸವೂ ಹೋಯಿತು, ಲೆಕ್ಕದ ಪುಸ್ತಕಗಳೂ ನಿಂತವು. ಆ ನಿಷೇಧ ಸರಿಯೋ ತಪ್ಪೋ ಎಂಬ ವಾದ ಇರಲಿ, ಎಣಿಕೆಯನ್ನು ನಿಲ್ಲಿಸಿದ್ದು ನಮ್ಮ ದೃಷ್ಟಿಯಲ್ಲಿ ನಷ್ಟ.

ಇನ್ನು ಮೇಕೆದಾಟು. ಆ ಅಣೆಕಟ್ಟಿನ ಬಗ್ಗೆ ನಮ್ಮ ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ, ಬೆಂಗಳೂರಿನ ಕೊಳಾಯಿಯ ಕಷ್ಟ ಬಲ್ಲವರು ಸುಲಭವಾಗಿ ಬೇಡ ಎನ್ನಲಾರರು. ಆದರೆ ಹರಿಯುವ ನೀರು, ಬಂಡೆಯ ಮಡುಗಳನ್ನು ನಂಬಿದ ಮೀನಿಗೆ ನಿಂತ ನೀರು ಒಗ್ಗುವುದಿಲ್ಲ. ಯೋಜನೆಯ ಕಡತದಲ್ಲಿ ಮುಳುಗಡೆಯಾಗುವ ಮರ, ಜಮೀನಿನ ಪಕ್ಕದಲ್ಲಿ ಡುಬ್ಬದ ಮಹಸೀರ್‌ಗೂ ಒಂದು ಕಾಲಂ ಇರಲಿ. ಅಲ್ಲಿ ‘ಮರಿ ಬಿಟ್ಟು ಸರಿದೂಗಿಸಲಾಗುವುದು’ ಎಂದು ಬರೆದಿದ್ದರೆ, ಯಾವ ತಾಯಿಯ ಮರಿ ಎಂದು ಕೇಳುವ ಪತ್ರಕ್ಕೆ ಇಲ್ಲಿಂದ ಸಹಿ ಹಾಕಲು ನಾವು ಸಿದ್ಧರಿದ್ದೇವೆ.