ಉಪಾಹಾರವೋ, ಉಪಹಾರವೋ?

ಬೆಳಗಿನ ಹೊತ್ತು ಇಡ್ಲಿ ತಿನ್ನಲು ನಾವು ಹೋಗುವುದು ಉಪಾಹಾರ ಮಂದಿರಕ್ಕೋ, ಉಪಹಾರ ಮಂದಿರಕ್ಕೋ? ನನ್ನ ತರಗತಿಯಲ್ಲಿ ಕುಳಿತು ಎದ್ದುಹೋದವರಿಗೆ ಈ ಪ್ರಶ್ನೆ ಹೊಸದಲ್ಲ. ಉಪ ಮತ್ತು ಆಹಾರ ಎಂಬ ಎರಡು ಪದಗಳು ಕೂಡಿ, ಸವರ್ಣದೀರ್ಘ ಸಂಧಿಯಾಗಿ, ಉಪಾಹಾರವಾಗುತ್ತದೆ. ಲಘುವಾದ ತಿಂಡಿ ಎಂದರ್ಥ. ಉಪಹಾರ ಎಂಬ ಪದವೂ ಇದೆ. ಆದರೆ ಅದರ ಅರ್ಥ ಕಾಣಿಕೆ, ಉಡುಗೊರೆ. ಹೀಗಾಗಿ 'ಉಪಹಾರ ಮಂದಿರ' ಎಂದು ಫಲಕ ಹಾಕಿಕೊಂಡವರು ಮಸಾಲೆ ದೋಸೆಯನ್ನು ಉಡುಗೊರೆಯಾಗಿ ಕೊಡುತ್ತೇವೆಂದು ಬರೆದುಕೊಟ್ಟಂತಾಯಿತು. ಗಿರಾಕಿಯು ಕೈತೊಳೆದು, ನಮಸ್ಕಾರ ಹೇಳಿ, ಹಣ ಕೊಡದೆ ಹೊರಟರೆ ವ್ಯಾಕರಣವು ಅವನ ಪರವಾಗಿಯೇ ನಿಲ್ಲುತ್ತದೆ!

ತಿಪಟೂರಿನ ಬಿ.ಎಚ್. ರಸ್ತೆಯಲ್ಲಿ ಸಂಜೆ ನಡೆದಾಡುವುದು ನನ್ನ ನಿವೃತ್ತ ಜೀವನದ ದಿನಚರಿ. ವೈದ್ಯರು ಹೇಳಿದ್ದು ಕಾಲಿಗೆ ವ್ಯಾಯಾಮವಾಗಲೆಂದು; ಆಗುತ್ತಿರುವುದು ಕಣ್ಣಿಗೆ. ಅಂಗಡಿಗಳ ಫಲಕ ಓದುತ್ತ ನಡೆಯುವುದು ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನ ಚಾಳಿ. ಕೈಯಲ್ಲಿ ಕೆಂಪು ಶಾಯಿಯ ಲೇಖನಿ ಇಲ್ಲವೆಂಬುದೊಂದೇ ಕೊರತೆ. ಸಸ್ಯಾಹಾರಿ ಎಂದಿರಬೇಕಾದಲ್ಲಿ 'ಸಸ್ಯಹಾರಿ' ಎಂದು ಕಂಡಾಗ, ಸಸಿಗಳನ್ನು ಕದ್ದೊಯ್ಯುವವರಿಗಾಗಿಯೇ ತೆರೆದ ಭೋಜನಾಲಯವೇ ಇದು ಎನಿಸುತ್ತದೆ. ಸಂಘವೊಂದರ ಚುನಾವಣೆ ಮುಗಿದ ಮರುದಿನ ವೃತ್ತದಲ್ಲಿ ತೂಗಿದ ಫ್ಲೆಕ್ಸ್ ಒಂದರಲ್ಲಿ 'ನೂತನ ಅದ್ಯಕ್ಷರಿಗೆ ಹಾರ್ಧಿಕ ಶುಭಾಷಯಗಳು' ಎಂದಿತ್ತು. ಅಧ್ಯಕ್ಷರು ಕಳೆದುಕೊಂಡ ಮಹಾಪ್ರಾಣ ಹಾರ್ದಿಕಕ್ಕೆ ಹೋಗಿ ಅಂಟಿಕೊಂಡಿತ್ತು. ಗೆದ್ದ ಮರುದಿನವೇ ಅಧ್ಯಕ್ಷರ ಪ್ರಾಣ ಹೀಗೆ ಸ್ಥಾನಾಂತರವಾಗಬಾರದಿತ್ತು.

ನಗುವ ಮಾತು ಇಷ್ಟಕ್ಕೇ ಇರಲಿ. ಈಗ ವಿಷಯಕ್ಕೆ ಬರೋಣ.

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವು 2022ರದು. ಅದಕ್ಕೆ 2024ರಲ್ಲಿ ತಿದ್ದುಪಡಿಯಾಗಿ, ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60ರಷ್ಟು ಭಾಗ ಕನ್ನಡವಿರಬೇಕು, ಅದೂ ಮೇಲರ್ಧದಲ್ಲಿರಬೇಕು ಎಂದು ಸ್ಪಷ್ಟವಾಯಿತು. ಬೆಂಗಳೂರಿನಲ್ಲಿ ಅದಕ್ಕಾಗಿ ಪ್ರತಿಭಟನೆ ನಡೆಯಿತು, ಗಡುವು ಬಂತು, ಫಲಕಗಳು ಬದಲಾದವು. ನಾಡಿನ ಭಾಷೆ ನಾಡಿನ ಬೀದಿಯಲ್ಲಿ ಕಾಣಬೇಕೆಂಬುದು ನ್ಯಾಯವಾದ ಬೇಡಿಕೆ. ಆದರೆ ಕಾನೂನು ಅಳೆಯಬಲ್ಲದ್ದು ಅಕ್ಷರಗಳ ಅಗಲ ಎತ್ತರವನ್ನು ಮಾತ್ರ. ಅಧಿಕಾರಿಯ ಟೇಪಿಗೆ ದೀರ್ಘ ಯಾವುದು, ಹ್ರಸ್ವ ಯಾವುದು ತಿಳಿಯದು. ಶೇಕಡಾ 60ರಷ್ಟು ಜಾಗವನ್ನು ಶೇಕಡಾ ನೂರರಷ್ಟು ತಪ್ಪು ಕನ್ನಡದಿಂದ ತುಂಬಿದರೂ ಕಾನೂನಿಗೆ ತೃಪ್ತಿಯೇ.

2024ರಲ್ಲಿಯೇ ಕೊಡಗಿನ ರಸ್ತೆಬದಿಯ ಫಲಕವೊಂದರ ಚಿತ್ರ ಎಲ್ಲರ ಮೊಬೈಲಿನಲ್ಲೂ ಸುತ್ತಾಡಿತು. 'ಅವಸರವೇ ಅಪಘಾತಕ್ಕೆ ಕಾರಣ' ಎಂಬ ಅಚ್ಚುಕಟ್ಟಾದ ಕನ್ನಡದ ಜೊತೆಗೆ, ಇಂಗ್ಲಿಷಿನಲ್ಲಿ 'ಅರ್ಜೆಂಟ್ ಮೇಕ್ ಆ್ಯನ್ ಆಕ್ಸಿಡೆಂಟ್' ಎಂದು ಬರೆದಿತ್ತು. ಬೇಗನೆ ಹೋಗಿ ಒಂದು ಅಪಘಾತ ಮಾಡಿಕೊಂಡು ಬನ್ನಿ ಎಂಬ ಧ್ವನಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಕ್ಕ ಮೇಲೆ ಒಂದು ಯೋಚನೆ ಕಾಡಿತು. ಇಂಗ್ಲಿಷಿನ ಒಂದು ತಪ್ಪಿಗೆ ಇಷ್ಟೊಂದು ಜನ ನಕ್ಕರಲ್ಲ, ಕನ್ನಡದ ಎಷ್ಟು ತಪ್ಪುಗಳಿಗೆ ನಮ್ಮವರು ನಕ್ಕಿದ್ದಾರೆ? ನಗಬೇಕಾದರೆ ಮೊದಲು ತಪ್ಪು ಕಣ್ಣಿಗೆ ಬೀಳಬೇಕು. ಪರಭಾಷೆಯ ತಪ್ಪಿಗೆ ನಾಚುವ ನಾವು ಸ್ವಭಾಷೆಯ ತಪ್ಪನ್ನು ಗಮನಿಸುವುದೂ ಇಲ್ಲ. ನನಗೆ ನೋವಾಗುವುದು ಇಲ್ಲಿ.

ಪರಿಚಯದ ಬೇಕರಿಯವರೊಬ್ಬರಿಗೆ ಒಮ್ಮೆ ಸಂಕೋಚದಿಂದಲೇ ಈ ವಿಷಯ ತಿಳಿಸಿದೆ. "ಬಿಡಿ ಮೇಷ್ಟ್ರೇ, ಗಿರಾಕಿಗೆ ಅರ್ಥವಾದರೆ ಸಾಕಲ್ಲವೆ?" ಎಂದರು. ಫಲಕದ ಇಂಗ್ಲಿಷನ್ನು ಯಾರು ನೋಡಿಕೊಟ್ಟರು ಎಂದು ಕೇಳಿದೆ. ಕಾಲೇಜಿನಲ್ಲಿ ಓದುವ ಮಗಳಿಗೆ ಎರಡು ಸಲ ತೋರಿಸಿ, ಆಮೇಲೆ ಅಚ್ಚಿಗೆ ಕೊಟ್ಟರಂತೆ. ಹಾಗಾದರೆ ಕನ್ನಡವನ್ನು? "ನಮ್ಮದೇ ಭಾಷೆಯಲ್ಲವೆ, ಅದನ್ನೇನು ತೋರಿಸುವುದು!" ಎಂದವರು ತಾವೇ ನಕ್ಕುಬಿಟ್ಟರು. ಮಾತಿನ ಮರ್ಮ ಅವರಿಗೂ ಹೊಳೆದಿರಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ. ಕನ್ನಡದ ಹುಣ್ಣಿಗೆ ಕನ್ನಡಿ ಬೇಕಾಗಿದೆ.

ತಪ್ಪಿಗೆ ಅಜ್ಞಾನವೊಂದೇ ಕಾರಣವಲ್ಲ. ಹಿಂದೆ ಫಲಕ ಬರೆಯುವ ಕಲಾವಿದರು ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಕ್ಷರಗಳ ಆಕಾರವನ್ನು ಗುರುತಿಸಿಕೊಂಡು, ಅನಂತರ ಬಣ್ಣ ಹಚ್ಚುತ್ತಿದ್ದರು. ಆ ಹೊತ್ತಿನಲ್ಲಿ ದಾರಿಹೋಕರು ನಿಂತು ಓದುತ್ತಿದ್ದರು, ಯಾರಾದರೊಬ್ಬರು ತಿದ್ದುತ್ತಿದ್ದರು. ಈಗ ಪಠ್ಯ ಮೊಬೈಲಿನಲ್ಲಿ ಹೋಗುತ್ತದೆ, ಕೆಲವೇ ಹೊತ್ತಿನಲ್ಲಿ ಫ್ಲೆಕ್ಸ್ ಸಿದ್ಧವಾಗಿ ಬರುತ್ತದೆ. ಯುನಿಕೋಡಿನಲ್ಲಿ ಟಂಕಿಸಿದ ಕನ್ನಡವನ್ನು ಅದಕ್ಕೆ ಹೊಂದದ ವಿನ್ಯಾಸ ತಂತ್ರಾಂಶಕ್ಕೆ ಸುರಿದಾಗ ಒತ್ತಕ್ಷರಗಳು ಕಳಚಿ ಬೀಳುವುದೂ ಉಂಟು. ಯಂತ್ರದ ಅನುವಾದವನ್ನು ಯಾರೂ ಓದದೆ ಅಚ್ಚಿಗೆ ಕಳಿಸುವುದೂ ಉಂಟು. ಅವಸರವೇ ಅಪಘಾತಕ್ಕೆ ಕಾರಣ ಎಂಬ ಮಾತು ರಸ್ತೆಗಷ್ಟೇ ಅನ್ವಯವಾಗುವುದಿಲ್ಲ.

ನಾನು ಮಡಿವಂತನೆಂದು ಯಾರೂ ಭಾವಿಸಬಾರದು. ಬೇಕರಿ, ಹೋಟೆಲು, ಸೈಕಲ್ಲು ಇವೆಲ್ಲ ಕನ್ನಡದ ಮನೆಗೆ ಬಂದ ಸೊಸೆಯರು, ಅವರನ್ನು ಹೊರಗಟ್ಟಲಾಗದು. ಬೆಂಗಳೂರು ನಿಂತು ತಿನ್ನುವ ಹೋಟೆಲಿಗೆ 'ದರ್ಶಿನಿ' ಎಂಬ ಮುದ್ದಾದ ಹೆಸರು ಕೊಟ್ಟದ್ದು ಫಲಕದ ಮೂಲಕವೇ ಅಲ್ಲವೆ? ಆಡುಮಾತಿನಲ್ಲಿ ಹಕಾರ ಅಕಾರವಾದರೂ ನನ್ನ ತಕರಾರಿಲ್ಲ. ಅದು ಆಯಾ ಸೀಮೆಯ ಸೊಗಸು. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡದ ಬರವಣಿಗೆಗೆ ಮಹಾಪ್ರಾಣಗಳೇ ಬೇಡವೆಂದು ವಾದಿಸಿದರು. ಒಪ್ಪಲಿ ಬಿಡಲಿ, ಅದು ವಿಚಾರಮಾಡಿ ತಳೆದ ನಿಲುವು. ಅಧ್ಯಕ್ಷರಿಂದ ಕಿತ್ತು ಹಾರ್ದಿಕಕ್ಕೆ ಅಂಟಿಸುವುದರಲ್ಲಿ ಯಾವ ವಿಚಾರವೂ ಇಲ್ಲ.

ಇಷ್ಟಕ್ಕೂ ಇದರಿಂದ ನಷ್ಟ ಯಾರಿಗೆ? ಮಕ್ಕಳಿಗೆ. ಒಮ್ಮೆ ಹತ್ತನೆಯ ತರಗತಿಯ ಹುಡುಗನೊಬ್ಬನ ಪ್ರಬಂಧದಲ್ಲಿ 'ವಿಧ್ಯಾರ್ಥಿ' ಎಂಬುದನ್ನು ತಿದ್ದಿದೆ. ಅವನು ವಿನಯದಿಂದಲೇ, "ಸಾರ್, ನಮ್ಮ ಹಾಸ್ಟೆಲಿನ ಬೋರ್ಡಿನಲ್ಲಿ ಹೀಗೇ ಇದೆ" ಎಂದ. ಆ ಹುಡುಗ ದಿನಕ್ಕೆ ನಾಲ್ಕು ಸಲ ಆ ಫಲಕದ ಕೆಳಗೆ ಓಡಾಡುತ್ತಿದ್ದ. ನನ್ನ ಪಾಠ ಕೇಳುತ್ತಿದ್ದುದು ದಿನಕ್ಕೆ ಒಂದು ಅವಧಿ. ಮಗು ಪುಸ್ತಕಕ್ಕಿಂತ ಪರಿಸರದಿಂದ ಹೆಚ್ಚು ಕಲಿಯುತ್ತದೆ ಎಂದು ಬಿ.ಎಡ್. ತರಗತಿಯಲ್ಲಿ ಬರೆದುಕೊಂಡದ್ದರ ಅರ್ಥ ಅಂದು ಪೂರ್ತಿ ತಿಳಿಯಿತು. ಬೀದಿಯೇ ಊರಿನ ಅತಿ ದೊಡ್ಡ ಪಠ್ಯಪುಸ್ತಕ. ಅದಕ್ಕೆ ರಜೆಯಿಲ್ಲ, ಬೆಲೆಯಿಲ್ಲ, ಕರಡು ತಿದ್ದುವವರೂ ಇಲ್ಲ.

ಪರಿಹಾರವಾಗಿ ದಂಡ ವಿಧಿಸಿರೆಂದು ನಾನು ಹೇಳಲಾರೆ. ದಂಡಕ್ಕೆ ಹೆದರಿ ಬರೆದ ಕನ್ನಡದಲ್ಲಿ ಪ್ರೀತಿಯಿರುವುದಿಲ್ಲ. ಪ್ರತಿ ಊರಿನಲ್ಲೂ ಪ್ರೌಢಶಾಲೆಯಿದೆ, ಅಲ್ಲೊಬ್ಬ ಕನ್ನಡ ಶಿಕ್ಷಕರಿದ್ದಾರೆ, ನಮ್ಮಂಥ ನಿವೃತ್ತರಂತೂ ಬೇಕಾದಷ್ಟು ಜನ. ಅಚ್ಚಿಗೆ ಕೊಡುವ ಮುನ್ನ ಅವರಲ್ಲೊಬ್ಬರಿಗೆ ಪಠ್ಯವನ್ನು ತೋರಿಸಿದರೆ ಎರಡು ನಿಮಿಷದ ಕೆಲಸ. ಶುಲ್ಕ ಒಂದು ಲೋಟ ಕಾಫಿ, ಅದೂ ಐಚ್ಛಿಕ. ಒಂಬತ್ತನೆಯ ತರಗತಿಯ ಮಕ್ಕಳನ್ನು ನೋಟುಪುಸ್ತಕದೊಡನೆ ಪೇಟೆಬೀದಿಗೆ ಕರೆದೊಯ್ದರೆ ಸಂಧಿಪಾಠ ಅರ್ಧ ದಿನದಲ್ಲಿ ಮುಗಿಯುತ್ತದೆ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಅಂಗಡಿ, ಆಸ್ಪತ್ರೆ, ಮುದ್ರಣಾಲಯಗಳನ್ನು ನಡೆಸುತ್ತಿದ್ದೀರಿ. ಕೆಲವರು ಪಂಚಾಯಿತಿಯ ಸದಸ್ಯರೂ ಆಗಿದ್ದೀರಿ. ನಾಳೆ ಬಾಗಿಲು ತೆರೆಯುವಾಗ ಒಮ್ಮೆ ತಲೆಯೆತ್ತಿ ನಿಮ್ಮ ಫಲಕವನ್ನು ಓದಿಕೊಳ್ಳಿ. ಅನುಮಾನ ಬಂದರೆ ದೂರವಾಣಿ ಮಾಡಿ. ಅಂಕ ಕಳೆಯುವ ಅಧಿಕಾರ ನನಗೀಗ ಇಲ್ಲ, ಧೈರ್ಯವಾಗಿ ಕೇಳಬಹುದು.